ಎಕ್ಕದ ಗಿಡಕ್ಕೆ ಸೀರೆ ಉಡಿಸಿದ್ದು

ಸಿಂಚನಾ, ಶಶಾಂಕಾ, ನಿಮ್ಮ ಚಿಟ್ಟೆ ಗಿಡ ಹೇಗಿದೆ ಎಂದು ಈಚೆಗೆ ನೀವು ಮೈಸೂರಿನಿಂದ ಫೋನು ಮಾಡಿದಾಗಲೆಲ್ಲ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಫೋನನ್ನು ನಿಮ್ಮ ಮಾದೇಶ ಮಾವನ ಕೈಗೆ ದಾಟಿಸಿಬಿಡುತ್ತಿದ್ದೆ. ಚೆನ್ನಾಗಿದ್ದದ್ದು ಗಿಡ ಮಾತ್ರ. ಉಳಿದದ್ದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ನಾಲ್ಕು ಜನ ಎದುರಿಗೆ ನಿಂತರೆ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ನಿಮ್ಮ ತಾತ ಇರುವವರೆಗೆ ಆ ತೊಂದರೆ ತಿಳಿಯಲೇ ಇಲ್ಲ, ನನ್ನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ಆದರೆ ಹೆಮ್ಮರಗಾಲದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ತಿದ್ದಿದ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಗುವುದಾದರೆ ಅಲ್ಲೇ ನಕ್ಕು ಮುಗಿಸಿ. ಇಲ್ಲಿಗೆ ಬಂದಾಗ ನನ್ನ ಮುಖ ನೋಡಿ ನಗಬೇಡಿ.

ರಜೆಯಲ್ಲಿ ಬಂದಿದ್ದಾಗ ನೀವು ಫೋನಿನಲ್ಲಿ ಒಂದು ಚಿಟ್ಟೆ ತೋರಿಸಿದಿರಿ. ಮೊನಾರ್ಕ್ ಎಂದು ಅದರ ಹೆಸರು. ದೂರದ ದೇಶದ್ದು. ಹಾಲು ಸುರಿಯುವ ಒಂದು ಜಾತಿಯ ಗಿಡದ ಮೇಲಲ್ಲದೆ ಬೇರೆಲ್ಲೂ ಮೊಟ್ಟೆ ಇಡುವುದಿಲ್ಲವಂತೆ. ಆ ಗಿಡವನ್ನೆಲ್ಲ ಜನ ಕಳೆ ಎಂದು ಕಿತ್ತು ಹಾಕಿದ್ದರಿಂದ ಚಿಟ್ಟೆಗೆ ನೆಲೆಯಿಲ್ಲದಂತಾಗಿ, ಈಗ ಅಲ್ಲಿನವರು ಮನೆಯಂಗಳದಲ್ಲೇ ಅದನ್ನು ಬೆಳೆಸುತ್ತಾರಂತೆ. ನಮ್ಮ ಕಡೆ ಆ ಚಿಟ್ಟೆ ಇಲ್ಲ, ಅದರ ದಾಯಾದಿ ಇದೆ, ಅದೂ ಕಿತ್ತಳೆ ಬಣ್ಣದ್ದೇ, ರೆಕ್ಕೆಯಂಚಿಗೆ ಕಪ್ಪು ಪಟ್ಟಿ, ಪಟ್ಟಿಯೊಳಗೆ ಬಿಳಿ ಚುಕ್ಕೆ, ಅದು ಮೊಟ್ಟೆ ಇಡುವುದು ನಮ್ಮ ಎಕ್ಕದ ಗಿಡದ ಮೇಲೆ ಎಂದು ಸಿಂಚನ ಟೀಚರಮ್ಮನ ಹಾಗೆ ವಿವರಿಸಿದಳು. ಮನೆಯಲ್ಲೊಂದು ಎಕ್ಕ ಬೆಳೆಸಿ ಮುಂದಿನ ರಜೆಯೊಳಗೆ ಚಿಟ್ಟೆ ಮಾಡಿಡಬೇಕು ಎಂದು ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡಳು.

ನಾನು ಧೈರ್ಯವಾಗಿ ಭಾಷೆ ಕೊಟ್ಟೆ. ಬಾಳೆ, ಕಬ್ಬು, ಅರಿಶಿನ ಬೆಳೆದ ಕೈ ಇದು. ಬೀದಿಯ ಬದಿಯಲ್ಲಿ ಕತ್ತೆಯೂ ಮೂಸದ ಎಕ್ಕವನ್ನು ಬೆಳೆಸುವುದು ಯಾವ ಮಹಾ ವಿದ್ಯೆ?

ಮಾದೇಶ ಬಿಳಿಗೆರೆ ರಸ್ತೆಯ ನಾಲೆಯ ಏರಿಯಿಂದ ಒಂದು ಎಕ್ಕದ ಸಸಿಯನ್ನು ಬೇರು ಸಮೇತ ತಂದುಕೊಟ್ಟ. ಊರವರೆಲ್ಲ ಕಿತ್ತು ಬಿಸಾಡುವ ಗಿಡಕ್ಕೆ ಗೊಬ್ಬರ ಹಾಕುತ್ತಿದ್ದೀಯಲ್ಲ ಎಂದು ನಕ್ಕ. ಕಿವಿ ಮುರಿದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅದನ್ನು ನೆಟ್ಟು, ಬಿಸಿಲು ಬೀಳುವ ಜಾಗ ಅದೊಂದೇ ಆದ್ದರಿಂದ, ಗೇಟಿನ ಪಕ್ಕದಲ್ಲೇ ಇಟ್ಟೆ. ಬಂದವರಿಗೆ ಮೊದಲು ಕಾಣುವುದೇ ಅದು. ಮೊದಲನೆಯ ಮೂರ್ಖತನ ಅಲ್ಲಿಗೆ ಸಂಪನ್ನವಾಯಿತು.

ಎದುರು ಮನೆಯ ರಾಜಮ್ಮ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಡೆ ಎಕ್ಕ ಹುಟ್ಟುವುದು ಹಾಳುಬಿದ್ದ ಮನೆಯಲ್ಲಿ. ಹೆಂಗಸರು ಜಗಳವಾಡುವಾಗ ನೆಲದ ಮಣ್ಣು ತೂರಿ ‘ನಿನ್ನ ಮನೆ ಎಕ್ಕ ಹುಟ್ಟಿ ಹೋಗ’ ಎಂದು ಶಾಪ ಹಾಕುತ್ತಿದ್ದರು.

“ಅಲ್ಲ ಕಣಕ್ಕ,” ಎಂದಳು ರಾಜಮ್ಮ. “ಇನ್ನೊಬ್ರು ಸಾಪ ಆಕುದ್ರೆ ಹುಟ್ಟೋ ಗಿಡವ ನೀನೇ ನೀರುಯ್ದು ಬೆಳಸ್ತಿದ್ದೀಯಲ್ಲ. ಮದ್ವೆಗ್ ಬಂದಿರೋ ಮಗ ಬೇರೆ ಮನೇಲವ್ನೆ.”

ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ಮಾದೇಶನಿಗೆ ಮೂವತ್ತು ದಾಟಿ ಆಗಲೇ ಎಷ್ಟೋ ಆಗಿತ್ತು. ರಸಬಾಳೆ ತೋಟ ಮಾಡುತ್ತಾನೆ, ಬೀಡಿ ಕೂಡ ಸೇದುವುದಿಲ್ಲ. ಆದರೂ ಹೊಲ ಮಾಡುವ ಹುಡುಗ ಎಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿ ಲೋಟ ಕೆಳಗಿಡುತ್ತಿದ್ದರು. ಹೀಗೆ ತಪ್ಪಿಹೋದ ಸಂಬಂಧಗಳನ್ನು ಎಣಿಸುವುದನ್ನೇ ನಾವು ಬಿಟ್ಟಿದ್ದೆವು. ಈಗ ತಿರುಮಕೂಡಲು ನರಸೀಪುರದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿರುವ ನಂದಿನಿ ಎಂಬ ಹುಡುಗಿ, ತೋಟ ಮಾಡುವವನಾದರೆ ಏನಂತೆ ಎಂದಿದ್ದಳಂತೆ. ಹಾಗೆ ಅಂದ ಮೊದಲನೆಯ ಹುಡುಗಿ ಅವಳೇ. ಅವಳ ಮನೆಯವರು ನಮ್ಮ ಮನೆ ನೋಡಲು ಬರುವುದಿತ್ತು. ಯಾರೂ ಹೇಳದೆಯೇ ಮಾದೇಶ ಕಾಂಪೌಂಡಿಗೆ ಸುಣ್ಣ ಹೊಡೆದಿದ್ದ. ಅವನು ಎಷ್ಟು ಆಸೆ ಇಟ್ಟುಕೊಂಡಿದ್ದಾನೆಂದು ಆ ಸುಣ್ಣ ನೋಡಿಯೇ ನನಗೆ ತಿಳಿದದ್ದು.

ರಾಜಮ್ಮನಿಗೆ ಚಿಟ್ಟೆಯ ವಿಷಯ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ವಯಸ್ಸಿನಲ್ಲಿ ‘ಚಿಟ್ಟೆ ಸಾಕುತ್ತಿದ್ದೇನೆ’ ಎನ್ನಲು ನಾಚಿಕೆಯಾಗಿ, ದೇವರಿಗೆ ಹೂವಿಗೆ ಎಂದು ಸುಳ್ಳು ಹೇಳಿದೆ. ದೇವರ ಗಿಡವಾದರೆ ಹಾಗೇ ಬಿಡಬಾರದು ಎಂದು ರಾಜಮ್ಮ ತಾನೇ ಅದರ ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ದೋಷ ತಗಲದಿರಲಿ ಎಂದು ಅರಿಶಿನದ ಕೊಂಬು ಕಟ್ಟಿದ ಹಳದಿ ದಾರವೊಂದನ್ನು ತಂದು ಮೂರು ಗಂಟು ಹಾಕಿ ಬಿಗಿದಳು. ನಾನು ಕೈಮುಗಿದೆ. ಬೇರೇನು ಮಾಡಲಿ?

ಆಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಒಂದು ಕಿತ್ತಳೆ ಚಿಟ್ಟೆ ಬಂದು ಎಲೆಯಿಂದೆಲೆಗೆ ಕೂತು ಹೋದದ್ದನ್ನೂ ನೋಡಿದೆ. ಕೆಲವು ದಿನ ಕಳೆದು ಬೆಳಿಗ್ಗೆ ನೀರು ಹಾಕಲು ಹೋದರೆ ಎಲೆಗಳೆಲ್ಲ ತೂತು! ಮೈತುಂಬ ಕಪ್ಪು, ಹಳದಿ, ಬಿಳಿ ಪಟ್ಟೆ ಬಳಿದುಕೊಂಡ ಹುಳಗಳು ಸರ್ಕಾರಿ ಊಟಕ್ಕೆ ಕೂತವರಂತೆ ಕೂತು ಮೇಯುತ್ತಿದ್ದವು. ಮಕ್ಕಳೇ, ಮದುವೆಯಾಗಿ ಬಂದಾಗಿನಿಂದ ಅವರೆ, ಬದನೆ, ಕೋಸಿನ ಹುಳ ಆಯ್ದ ಕೈ ಇದು. ಅದು ನನ್ನನ್ನು ಕೇಳಲೇ ಇಲ್ಲ. ಒಂದೊಂದನ್ನೂ ಹೆಕ್ಕಿ ಕೋಳಿಯ ಮುಂದೆ ಹಾಕಿತು. ಕೋಳಿ ಕೊಕ್ಕಿನಲ್ಲಿ ಹಿಡಿದು ಉಗುಳಿ ತಲೆ ಕೊಡವಿತು. ಕೋಳಿಗಿದ್ದ ಬುದ್ಧಿ ನನಗಿರಲಿಲ್ಲ. ಅವನ್ನು ಒಲೆಯ ಬೂದಿಗೆ ಹಾಕಿ, ಗಿಡಕ್ಕೂ ಒಂದು ಹಿಡಿ ಬೂದಿ ಎರಚಿ, ಅಂದು ಸಂಜೆ ವೀಡಿಯೋ ಫೋನಿನಲ್ಲಿ ನಿಮಗೆ ಹೆಮ್ಮೆಯಿಂದ ಗಿಡ ತೋರಿಸಿದೆ. ‘ನೋಡು, ಒಂದೇ ಒಂದು ಹುಳ ಬಿಟ್ಟಿಲ್ಲ’ ಎಂದೆ.

ಸಿಂಚನಾ, ನಿನ್ನ ಮುಖ ನನಗೆ ಈಗಲೂ ಕಾಣುತ್ತದೆ. “ಅಜ್ಜಿ, ಅವೇ ಚಿಟ್ಟೆ,” ಎಂದೆ ನೀನು. ಅಷ್ಟೇ ಹೇಳಿದ್ದು. ಅಂದು ನೀನು ಊಟ ಮಾಡಲಿಲ್ಲವೆಂದು ನಿನ್ನ ಅಮ್ಮ ಆಮೇಲೆ ಹೇಳಿದಳು.

ಚಿಟ್ಟೆ ಕುಲವನ್ನು ಉದ್ಧಾರ ಮಾಡಲು ಹೊರಟವಳು ಮೊದಲ ಕಂತಿನಲ್ಲೇ ಇಡೀ ಸಂಸಾರವನ್ನು ಬೂದಿ ಮಾಡಿದ್ದೆ. ಎಲೆ ಎಲೆಯನ್ನೂ ತೊಳೆದೆ. ಪುಣ್ಯಕ್ಕೆ ಆ ತಾಯಿ ಚಿಟ್ಟೆ ಸಿಟ್ಟು ಮಾಡಿಕೊಳ್ಳದೆ ಮತ್ತೊಮ್ಮೆ ಬಂತು. ಎಲೆಯಡಿ ಸಾಸಿವೆಗಿಂತ ಸಣ್ಣ ಮೊಟ್ಟೆ ಕಂಡ ಮೇಲೆ ನಾನು ಮಂತ್ರಿಗಳಿಗೂ ಇಲ್ಲದ ಕಾವಲು ಏರ್ಪಡಿಸಿದೆ. ಇರುವೆ ಹತ್ತದಂತೆ ಕಾಂಡಕ್ಕೆಲ್ಲ ಅರಿಶಿನ ಮೆತ್ತಿದೆ. ಮೇಕೆ ಬಾಯಿ ಹಾಕದಂತೆ, ಬಿಸಿಲು ಹೊಡೆಯದಂತೆ ಮರೆ ಕಟ್ಟಲು ಬಟ್ಟೆ ಹುಡುಕಿದರೆ, ನಿಮ್ಮ ತಾತ ಹೋದ ಮೇಲೆ ನಾನು ಉಡದೆ ಮಡಚಿಟ್ಟಿದ್ದ ಕೆಂಪು ಸೀರೆ ಸಿಕ್ಕಿತು. ಜರಿಯಂಚು ಮುಂದೆ ಬರುವಂತೆ ಸುತ್ತಿದೆ. ಅಂಚು ಹಿಂದೆ ಹಾಕಿ ಸುತ್ತಲು ಮನಸ್ಸು ಬರಲಿಲ್ಲ. ನೆರಿಗೆ ತಾನಾಗಿ ಕೂತುಕೊಂಡಿತು. ಗಿಡ ಬಹಳ ಲಕ್ಷಣವಾಗಿ ಕಂಡಿತು.

ಆ ಲಕ್ಷಣವೇ ಮನೆ ಹಾಳು ಮಾಡಿತು.

ಭಾನುವಾರ ನಂದಿನಿಯ ಅಜ್ಜಿ ದೇವಮ್ಮಣ್ಣಿ, ಅಪ್ಪ, ಅಮ್ಮ ಕಾರಿನಲ್ಲಿ ಬಂದಿಳಿದರು. ನಾನು ಒಳಗೆ ಕೇಸರಿಬಾತಿಗೆ ದ್ರಾಕ್ಷಿ ಹುರಿಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ದೇವಮ್ಮಣ್ಣಿಯವರು ಗೇಟಿನ ಬಳಿಯೇ ನಿಂತುಬಿಟ್ಟಿದ್ದರು. ಕೆಂಪು ಸೀರೆ ನೋಡಿದರು, ಅರಿಶಿನ ನೋಡಿದರು, ಕುಂಕುಮ ನೋಡಿದರು. ಕೊನೆಗೆ ಬಗ್ಗಿ ಕೊಂಬಿನ ದಾರವನ್ನು ಬೆರಳಿನಿಂದ ಎತ್ತಿ ನೋಡಿ ಇದನ್ನು ತಂದವರು ಯಾರು ಎಂದು ಕೇಳಿದರು.

ಏನೂ ಅರಿಯದ ನನ್ನ ಮಗ ನಗುನಗುತ್ತಾ, “ನಾನೇ ತಂದದ್ದು ಕಣಜ್ಜಿ. ಅವ್ವ ದಿನಾ ಮನೆ ಸೊಸೆಗಿಂತ ಹೆಚ್ಚಾಗಿ ನೋಡ್ಕತದೆ,” ಎಂದ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕೇಸರಿಬಾತು ಕೊಟ್ಟರೆ ಅಮ್ಮನಿಗೆ ಉಪವಾಸ, ಅಪ್ಪನಿಗೆ ಹೊಟ್ಟೆ ಸರಿಯಿಲ್ಲ, ಅಜ್ಜಿಗೆ ಹಲ್ಲುನೋವು. ಕೇಸರಿಬಾತಿಗೂ ಹಲ್ಲುನೋವಿಗೂ ಏನು ಸಂಬಂಧವೆಂದು ನಾನು ಯೋಚಿಸುವಷ್ಟರಲ್ಲಿ ಕಾರು ಹೊರಟುಹೋಗಿತ್ತು.

ಮಾರನೆಯ ದಿನ ಸಂಬಂಧ ತಂದ ದಲ್ಲಾಳಿಯ ಫೋನು ಬಂತು. ಹುಡುಗನ ಮೊದಲ ಇಬ್ಬರು ಹೆಂಡತಿಯರಿಗೆ ಏನಾಯಿತು ಎಂದು ಅವರು ಕೇಳುತ್ತಿದ್ದಾರಂತೆ!

ಆಗ ನನಗೆ ಹೊಳೆಯಿತು. ಹಿಂದೆ ಇಬ್ಬರು ಹೆಂಡಿರನ್ನು ಕಳೆದುಕೊಂಡು ಮೂರನೆಯ ಮದುವೆಗೆ ನಿಂತ ಗಂಡಸಿಗೆ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿಸುತ್ತಿದ್ದರು. ಮೂರನೆಯದರ ಕಂಟಕವೆಲ್ಲ ಗಿಡಕ್ಕೆ ಹೋಗಲಿ, ಆಮೇಲೆ ಬರುವ ಹೆಣ್ಣು ನಾಲ್ಕನೆಯವಳಾಗಿ ಚೆನ್ನಾಗಿರಲಿ ಎಂದು. ನಾನು ಆ ಗಿಡಕ್ಕೆ ಸೀರೆ ಉಡಿಸಿ, ಅರಿಶಿನ ಮೆತ್ತಿ, ಕುಂಕುಮ ಇಟ್ಟು, ಕೊಂಬು ಕಟ್ಟಿಸಿ, ಬೀಗರು ಇಳಿಯುವ ಜಾಗದಲ್ಲೇ ನಿಲ್ಲಿಸಿದ್ದೆ. ಕೈಯಲ್ಲಿ ಒಂದು ಕಳಶ ಕೊಡುವುದಷ್ಟೇ ಬಾಕಿಯಿತ್ತು.

ಮಾದೇಶ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. ತೋಟಕ್ಕೆ ಹೋದ, ಬಂದ, ತಟ್ಟೆಯ ಮುಂದೆ ಕೂತು ಅನ್ನವನ್ನು ಕಲೆಸುತ್ತಲೇ ಇದ್ದ.

“ಬುಡವ್ವ,” ಎಂದ ಕೊನೆಗೆ. “ಅವ್ಳೊಬ್ಳು ಒಪ್ಪಿದ್ಲು. ಆಗ್ಲಿಲ್ಲ. ಇನ್ಮೇಲೆ ಮನೆ ನೋಡಾಕೆ ಅಂತ ಯಾರ್ನೂ ಕರೀಬ್ಯಾಡ.”

ದಲ್ಲಾಳಿಯ ಮೂಲಕ ಸಮಜಾಯಿಷಿ ಹೇಳಿಸಿದರೆ ಅದು ಇನ್ನೊಂದು ಕಥೆಯಾಗುತ್ತಿತ್ತು. ನಾನೇ ಹೋಗಬೇಕು. ಆದರೆ ಹೋಗಿ ಏನು ಮಾಡುವುದು? ಮಾತು ಹೊರಡುವುದಿಲ್ಲವಲ್ಲ! ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಗಿಡವನ್ನೇ ಸಾಕ್ಷಿಯಾಗಿ ಒಯ್ಯುವುದು. ಆಗಲೇ ಎರಡನೆಯ ಸಲದ ಹುಳಗಳು ಬೆರಳುದ್ದವಾಗಿದ್ದವು. ಅವನ್ನು ಕಣ್ಣಾರೆ ನೋಡಿದರೆ ನಾನು ಬಾಯಿಬಿಡಬೇಕಾದ ಪ್ರಮೇಯವೇ ಇರುವುದಿಲ್ಲ ಎಂದು ತೀರ್ಮಾನಿಸಿದೆ. ನನ್ನ ಬುದ್ಧಿಯ ಬಗ್ಗೆ ನನಗೇ ಗೌರವ ಬಂತು.

ಮಾದೇಶ ತೋಟಕ್ಕೆ ಹೋದದ್ದೇ ಸೀರೆ ಬಿಚ್ಚಿ, ಅರಿಶಿನ ಕುಂಕುಮ ಒರೆಸಿದೆ. ರಾಜಮ್ಮನ ಗಂಟು ಮಾತ್ರ ಬಿಚ್ಚಲಿಲ್ಲ. ಕುಡುಗೋಲು ತಂದೆ. ಆದರೆ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೈಯಾರೆ ಕೊಯ್ಯುವುದೇ? ಕೈ ಮುಂದೆ ಹೋಗಲಿಲ್ಲ. ಹಾಗೇ ಬಿಟ್ಟು, ಬಕೆಟ್ಟು ಸೊಂಟದ ಮೇಲಿಟ್ಟುಕೊಂಡು ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹತ್ತಿದೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು.

ಹೆಂಗಸರಿಗೆ ಫ್ರೀ ಬಸ್ಸು. ಕಂಡಕ್ಟರ್ ನನಗೆ ಚೀಟಿ ಹರಿದು ಕೊಟ್ಟು ಬಕೆಟ್ಟಿನ ಕಡೆ ನೋಡಿ, “ಇದು ಹೆಣ್ಣಾ ಗಂಡಾ ಹೇಳವ್ವ. ಗಂಡಾದ್ರೆ ಟಿಕೆಟ್ ತಗೀಬೇಕು,” ಎಂದ.

ಹಿಂದಿನ ಸೀಟಿನ ಹೆಂಗಸು, “ಹೆಣ್ಣೇ ಕಣಪ್ಪ, ಕತ್ತಲ್ಲಿ ತಾಳಿ ಕಾಣಾಕಿಲ್ವಾ?” ಎಂದಳು.

ಬಸ್ಸೆಲ್ಲ ನಕ್ಕಿತು. ನಾನು ಸೆರಗನ್ನು ತಲೆಯ ಮೇಲೆ ಹೊದ್ದು ಕೂತೆ. ಹಂಪುಗಳ ಮೇಲೆ ಬಸ್ಸು ಎತ್ತೆತ್ತಿ ಹಾಕುತ್ತಿತ್ತು. ಹುಳಗಳಿಗೆ ಅದು ಭೂಕಂಪದಂತೆ ಕಂಡಿರಬೇಕು. ಯಾವ ಮಾಯದಲ್ಲಿ ಗಿಡ ಬಿಟ್ಟು ಇಳಿದವೋ ಕಾಣೆ. ಮುಂದಿನ ಸೀಟಿನವರ ಅಂಗಿಯ ಕಾಲರಿನ ಮೇಲೆ ಒಂದು ಹರಿಯುತ್ತಿತ್ತು. ಇನ್ನೊಂದು ಯಾರದೋ ಟಿಫಿನ್ ಕ್ಯಾರಿಯರ್ ಹತ್ತುತ್ತಿತ್ತು. ಒಬ್ಬರು ಕಿರುಚಿದರು, ಅಷ್ಟೇ, ಎಲ್ಲರೂ ಎದ್ದು ಬಟ್ಟೆ ಕೊಡವತೊಡಗಿದರು. ಕಿಟಕಿಯಾಚೆ ಒಂದೊಂದಾಗಿ ನನ್ನ ಸಾಕ್ಷಿಗಳು ಹಾರಿಹೋದವು. ‘ಅವು ಏನೂ ಮಾಡುವುದಿಲ್ಲ, ಮುಂದೆ ಚಿಟ್ಟೆಯಾಗುತ್ತವೆ’ ಎನ್ನಬೇಕಿತ್ತು. ನನ್ನ ಬಾಯಿಂದ ಹೊರಟದ್ದು, “ಪಾಪ, ಇನ್ನೂ ಮಕ್ಕಳು.” ಜನ ನನ್ನನ್ನು ಒಂದು ಥರ ನೋಡಿ ಇಡೀ ಸೀಟನ್ನು ನನಗೇ ಬಿಟ್ಟುಕೊಟ್ಟರು. ನರಸೀಪುರದವರೆಗೂ ಆರಾಮವಾಗಿ ಕಾಲು ಚಾಚಿಕೊಂಡು ಹೋದೆ.

ಬಟ್ಟೆ ಹೊಲಿಯುವ ನಂದಿನಿಯ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅಂಗಡಿಯ ಹಿಂದೆಯೇ ಮನೆ. ಬಾಗಿಲು ತೆರೆದವರು ನಂದಿನಿಯ ಅಮ್ಮ. ಎದುರಿಗೆ ನಾನು, ನನ್ನ ಸೊಂಟದ ಮೇಲೆ ಎಲೆಯೆಲ್ಲ ತೂತು ಬಿದ್ದ ಎಕ್ಕ, ಅದರ ಕತ್ತಿನಲ್ಲಿ ಕೊಂಬಿನ ದಾರ. ಅವರು ಒಳಕ್ಕೆ ತಿರುಗಿ ನಿಧಾನವಾಗಿ ಹೇಳಿದರು. “ಅತ್ತೆ, ನಂಜನಗೂಡಿನೋರು. ದೊಡ್ ಸೊಸೇನೂ ಜೊತೇಲಿ ಕರ್ಕ ಬಂದವ್ರೆ.”

ದೇವಮ್ಮಣ್ಣಿಯವರು ಮಂಚದ ಮೇಲಿಂದಲೇ, “ಬರೇಳು. ಇಬ್ರೂ ಕೂತ್ಕಳಿ,” ಎಂದರು.

ಕೂತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣವಿತ್ತು. ‘ದೊಡ್ಡವರು ಅಪಾರ್ಥ ಮಾಡಿಕೊಳ್ಳಬಾರದು’ ಎಂದು ಶುರುವಾಗಿ, ‘ನನ್ನ ಮಗ ಚಿನ್ನದಂಥವನು’ ಎಂದು ಮುಗಿಯುವಂಥದು. ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಬರಿದಾದ ಗಿಡ ತೋರಿಸಿ, “ಹುಳ ಇತ್ತು,” ಎಂದೆ.

“ಯಾರ್ಗೆ? ಹುಡುಗನ್ಗಾ?” ಎಂದರು ದೇವಮ್ಮಣ್ಣಿ.

ಇಲ್ಲ ಎಂದು ತಲೆಯಾಡಿಸಿದೆ. ನನಗೆ ಅಳು ಬಂತು. ಎರಡು ಮದುವೆಯ ಕಳಂಕ ತೊಳೆಯಲು ಬಂದು ಮಗನಿಗೆ ಹೊಟ್ಟೆಹುಳದ ರೋಗವನ್ನೂ ಅಂಟಿಸಿದ್ದೆ. ಬಕೆಟ್ಟು ಎತ್ತಿಕೊಂಡು ಹೊರಟುಬಿಡೋಣ ಎಂದು ಬಗ್ಗಿದೆ. ತಲೆಯ ಮೇಲಿನ ಸೆರಗು ಜಾರಿತು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ದನಿ.

“ಅತ್ತೆ, ಅಲ್ಲಾಡಬ್ಯಾಡಿ.”

ಹೆದರಿಕೆಯಿಲ್ಲದ ಎರಡು ಬೆರಳು ನನ್ನ ತುರುಬನ್ನು ಮುಟ್ಟಿದವು. ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಹುಡುಗಿಯೊಬ್ಬಳು ಮುಂದೆ ಬಂದು ಅಂಗೈ ತೋರಿಸಿದಳು. ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ! ಬೆರಳುದ್ದದ್ದು. ಬಸ್ಸಿನಲ್ಲಿ ಅಷ್ಟು ಜನರ ಕೈ ತಪ್ಪಿಸಿಕೊಂಡು ನನ್ನ ಸೆರಗಿನೊಳಗೆ ಸೇರಿಕೊಂಡಿತ್ತು.

“ಅದ ನಾನು ಕ್ಲಿಪ್ಪು ಅಂದ್ಕಂಡೆ,” ಎಂದರು ದೇವಮ್ಮಣ್ಣಿ. “ಈ ವಯಸ್ಸಲ್ಲಿ ಸೋಕಿ ನೋಡು ಅಂತ.”

ನಂದಿನಿ ಹುಳವನ್ನು ಎಕ್ಕದ ಉಳಿದ ಎಲೆಯ ಮೇಲೆ ಬಿಟ್ಟಳು. ತನ್ನ ಹೊಲಿಗೆ ಮಿಷನ್ನಿನ ಪಕ್ಕದ ಕಿಟಕಿಯಾಚೆ ಕಾಲುವೆಯ ದಂಡೆಯಲ್ಲೂ ಇಂಥವೇ ಇವೆ ಎಂದಳು. ಇದಕ್ಕೋಸ್ಕರ ಗಿಡ ಬೆಳೆಸಿದಿರಾ ಎಂದು ಕೇಳಿದಳು. ಅಷ್ಟು ಕೇಳಿದ್ದೇ ಸಾಕಾಯಿತು. ನನ್ನ ನಾಲಿಗೆಗೆ ಅದೆಲ್ಲಿಂದ ಬಲ ಬಂತೋ, ಅವಳೊಬ್ಬಳ ಮುಖ ನೋಡುತ್ತಾ ಎಲ್ಲವನ್ನೂ ಹೇಳಿದೆ. ನಿಮಗೆ ಕೊಟ್ಟ ಭಾಷೆ, ಬೂದಿ, ರಾಜಮ್ಮ, ಸೀರೆ, ಮಾದೇಶ ಹೊಡೆದ ಸುಣ್ಣ. ಕಲೆಸಿಟ್ಟ ಅನ್ನವನ್ನು ಅವನು ಹಾಗೇ ಬಿಟ್ಟು ಎದ್ದದ್ದನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತೇನೋ. ಅದೊಂದನ್ನು ಕೇಳುವಾಗ ಮಾತ್ರ ಅವಳು ನಗಲಿಲ್ಲ.

ಎಲ್ಲರೂ ದೇವಮ್ಮಣ್ಣಿಯವರ ಕಡೆ ನೋಡಿದರು. ಅವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ತೀರ್ಪು ಕೊಟ್ಟರು.

“ವಂದ್ ಉಳವ ತುರುಬಲ್ಲಿ ಮುಚ್ಚಿಡಾಕೆ ಬರ್ದೆ ಇರೋ ಈವಮ್ಮ, ಇಬ್ರು ಸೊಸೇರ ಎಲ್ಲಿ ಮುಚ್ಚಿಟ್ಟಾಳು, ಬುಡಿ.”

ನನ್ನ ಜೀವನದಲ್ಲಿ ನನಗೆ ಸಿಕ್ಕ ಅತ್ಯುನ್ನತ ಪ್ರಶಸ್ತಿ ಅದು.

ನಂದಿನಿ ಅಂಗಡಿಯಿಂದ ಬಟ್ಟೆ ಕತ್ತರಿಸುವ ಕತ್ತರಿ ತಂದು, ‘ಇದನ್ನು ತೆಗೆಯಲೇ?’ ಎನ್ನುವಂತೆ ನನ್ನನ್ನು ನೋಡಿ, ಗಿಡದ ಕತ್ತಿನ ದಾರವನ್ನು ಕಚಕ್ಕನೆ ಕತ್ತರಿಸಿದಳು. ಅಲ್ಲಿಗೆ ಮಾದೇಶನ ಮೊದಲ ಸಂಸಾರ ಕೋರ್ಟು ಕಚೇರಿ ಇಲ್ಲದೆ ಬರಖಾಸ್ತಾಯಿತು. ಅವಳ ಅಮ್ಮ ಒಳಗೆ ಹೋಗಿ ಒಲೆ ಹಚ್ಚಿದರು. ಕೇಸರಿಬಾತಿನ ವಾಸನೆ ಬಂತು. ಈ ಸಲ ಯಾರಿಗೂ ಹಲ್ಲುನೋವಿರಲಿಲ್ಲ.

ಗಿಡವನ್ನೂ ಹುಳವನ್ನೂ ಅವರ ಕಾಲುವೆಯ ದಂಡೆಗೆ ಸೇರಿಸಿ, ಬರಿಯ ಬಕೆಟ್ಟು ಹಿಡಿದು ವಾಪಸ್ಸು ಬಂದೆ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಮಾದೇಶ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ನಂದಿನಿಯೇ ಫೋನು ಮಾಡಿದ್ದಳಂತೆ.

“ಮದುವೆ ದಿನಾನೂ ನಿಮ್ಮವ್ವ ಉಳ ಮುಡ್ಕಂಡೇ ಬತ್ತಾರಾ ಅಂತ ಕೇಳುದ್ಲು ಕಣವ್ವ,” ಎಂದ. ಹೇಳುತ್ತಾ ಹೇಳುತ್ತಾ ನಗು ತಡೆಯಲಾರದೆ ಬೈಕಿನ ಸೀಟಿನ ಮೇಲೆ ತಲೆಯಿಟ್ಟುಕೊಂಡ. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಬಸ್ ಸ್ಟ್ಯಾಂಡಿನ ಜನರೆಲ್ಲ ನಮ್ಮನ್ನು ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ.

ಈಗ ಚಿಟ್ಟೆಯ ವಿಷಯ. ಹೊರಡುವ ಮೊದಲೇ ಒಂದು ಹುಳ ಗಿಡ ಬಿಟ್ಟು ನಮ್ಮ ಗೇಟಿನ ಕಂಬಿಗೆ ತಲೆಕೆಳಗಾಗಿ ನೇತುಬಿದ್ದು, ಚಿನ್ನದ ಚುಕ್ಕೆಯಿಟ್ಟ ಹಸಿರು ಮಣಿಯಂತಾಗಿತ್ತು. ಅದು ಒಡೆಯುವುದನ್ನು ನೋಡಲೇಬೇಕೆಂದು ಮಣೆ ಹಾಕಿಕೊಂಡು ಕೂತೆ. ದಿನಗಟ್ಟಲೆ ಕೂತೆ. ಒಂದು ಬೆಳಿಗ್ಗೆ ಹಾಲು ಉಕ್ಕಿತೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಖಾಲಿ ಸಿಪ್ಪೆ ನೇತಾಡುತ್ತಿತ್ತು. ಸಿಪ್ಪೆಯನ್ನು ನಿಮಗೆಂದು ಬೆಂಕಿಪೊಟ್ಟಣದಲ್ಲಿ ತೆಗೆದಿಟ್ಟಿದ್ದೇನೆ. ನಂದಿನಿಯ ಕಿಟಕಿಯಾಚೆ, ಯಾರೂ ನೀರು ಹಾಕದ, ಯಾರೂ ಸೀರೆ ಉಡಿಸದ ಎಕ್ಕದ ಪೊದೆಗಳ ಮೇಲೆ ಅವು ಗುಂಪುಗುಂಪಾಗಿ ಹಾರಾಡುತ್ತವಂತೆ. ಚಿಟ್ಟೆ ಕುಲಕ್ಕೆ ನನ್ನಿಂದಾದ ಉಪಕಾರವನ್ನು ಕೂಡಿಸಿ ಕಳೆದು ನೋಡಿದರೆ, ನಾನು ಸುಮ್ಮನೆ ಕೂತಿದ್ದರೇ ಅವಕ್ಕೆ ಹೆಚ್ಚು ಉಪಕಾರವಾಗುತ್ತಿತ್ತು.

ಮದುವೆಗೆ ನೀವು ಬರುತ್ತೀರಿ. ಆ ಕಡೆಯವರು ಈ ಕಥೆಯನ್ನು ಆಗಲೇ ಬೆಳೆಸಿಬಿಟ್ಟಿದ್ದಾರೆ. ಒಬ್ಬರ ಪ್ರಕಾರ ನಾನು ತಲೆತುಂಬ ಹುಳ ಮುಡಿದಿದ್ದೆ, ಇನ್ನೊಬ್ಬರ ಪ್ರಕಾರ ಅದು ಹುಳವಲ್ಲ, ಹಾವು. ಯಾವುದನ್ನೂ ನಂಬಬೇಡಿ. ನಡೆದದ್ದು ಇಷ್ಟೇ, ಇದಕ್ಕಿಂತ ಹೆಚ್ಚು ಮಾನ ಹೋಗಿಲ್ಲ ಎನ್ನುವುದಕ್ಕೆ ನನ್ನ ಬಳಿ ಇರುವ ಆಧಾರ ಈ ಹಾಳೆಗಳು ಮಾತ್ರ. ಆದ್ದರಿಂದ ಜೋಪಾನವಾಗಿಟ್ಟುಕೊಳ್ಳಿ. ನಾಳೆ ನೀವು ದೊಡ್ಡವರಾಗಿ, ನಿಮ್ಮನ್ನು ನೋಡಲು ಬೀಗರು ಬರುವ ಕಾಲಕ್ಕೆ ಮಾತ್ರ ಅವರ ಕೈಗೆ ಸಿಗದ ಹಾಗೆ ಒಳಗೆಲ್ಲಾದರೂ ಬೀಗ ಹಾಕಿಡಿ. ಇದನ್ನು ಓದಿ ಅವರು ಎದ್ದು ಹೋದರೆ, ಸಮಜಾಯಿಷಿ ಹೇಳಲು ಮತ್ತೊಮ್ಮೆ ಬಸ್ಸು ಹತ್ತುವ ಧೈರ್ಯ ನಿಮ್ಮಜ್ಜಿಗೆ ಇಲ್ಲ.